ಏರಿ ಮುಗಿಯದ ಜಾಗ

ಮಳೆ ನಿಂತು ಬಿಸಿಲು ಬಿತ್ತೆಂದರೆ ನಮ್ಮ ಕೇರಿಯವರೆಲ್ಲ ಹಾಸಿಗೆ ತಂದು ಹೊರಗೆ ಒಣಹಾಕುತ್ತಿದ್ದರು. ಇಸೋಕೊ ಮಿನೊವಾ ಒಬ್ಬರು ಮಾತ್ರ ಕೆಳಗಿದ್ದ ಹಾಸಿಗೆಯನ್ನೂ ಮಹಡಿಗೆ ಹೊತ್ತುಹಾಕುತ್ತಿದ್ದರು. ಅಕ್ಕಿಮೂಟೆ, ಚಪ್ಪಲಿ, ಗಂಡನ ಕತ್ತರಿ ಕತ್ತಿಗಳ ಪೆಟ್ಟಿಗೆ, ಎಲ್ಲವೂ ಅವತ್ತು ಮೇಲಕ್ಕೆ. ನಾನು ಎದುರಿನ ಅಕ್ಕಿ ಅಂಗಡಿಗೆ ಹೊಸದಾಗಿ ಸೊಸೆಯಾಗಿ ಬಂದಾಗ ಇದನ್ನು ನೋಡಿ ಅತ್ತೆಯನ್ನು ಕೇಳಿದ್ದೆ.

"ಅವಳಿಗೆ ಬಿಸಿಲು ಕಂಡ್ರೆ ಭಯ ಕಣೆ ಮಿತ್ಸು. ಸುಮ್ನಿರು, ಕೇಳ್ಬೇಡ," ಅಂದಿದ್ದರು ಅತ್ತೆ.

ಇಸೋಕಕ್ಕ ಹುಟ್ಟಿದ್ದು ಇದೇ ಹಯಾಸೆ ನದಿಯ ಕೆಳಗಿನ ದಂಡೆಯಲ್ಲಿ. ಆಗ ಅದು ಪಟ್ಟಣದ ಅಂಚಾಗಿರಲಿಲ್ಲ, ಬರೀ ಪೇರು ಹಣ್ಣಿನ ತೋಟಗಳು. ಅವರಿನ್ನೂ ಸಣ್ಣ ಹುಡುಗಿ. ಕೆಲವು ದಿನ ಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ನಿಂತಿತು. ಆಕಾಶ ತೊಳೆದಿಟ್ಟ ಹಾಗೆ ನೀಲಿ. ಅಮ್ಮ ಬಟ್ಟೆ ಹರವುತ್ತಿದ್ದಳು. ದೋಣಿ ಗಟ್ಟಿ ಕಟ್ಟಿ ಬರುತ್ತೇನೆಂದು ಅಪ್ಪ ದಂಡೆಯ ಕಡೆ ಹೋದರು. ಬೆಟ್ಟದಲ್ಲಿ ಬಿದ್ದ ನೀರು ಬಯಲಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ದಂಡೆಯ ಮೇಲೆ ನಿಂತ ಅಪ್ಪ ಮಗಳ ಕಡೆ ತಿರುಗಿ ಕೈ ಎತ್ತಿದರು. ಅಷ್ಟರಲ್ಲಿ ಅವರ ಕಾಲಕೆಳಗಿನ ಮಣ್ಣು ಮೊಸರಿನ ಹಾಗೆ ಕುಸಿಯಿತು.

"ಬಾ ಅಂದ್ರೋ ಓಡು ಅಂದ್ರೋ ನಂಗೆ ಇವತ್ತಿಗೂ ಗೊತ್ತಾಗಿಲ್ಲ ಮಿತ್ಸು. ನಾನು ಓಡ್ದೆ," ಎಂದು ನನಗೊಮ್ಮೆ ಹೇಳಿದ್ದರು. ಅಷ್ಟೇ ಹೇಳಿ, ಕುದಿಯುವ ಕೆಟಲ್ ಇಳಿಸಲು ಎದ್ದುಹೋದರು.

ಇಷ್ಟು ಹೆದರುವ ಹೆಂಗಸು ಹೊಳೆಯ ಪಕ್ಕದ ಮನೆಗೇ ಮದುವೆಯಾಗಿ ಬಂದದ್ದು ಹೇಗೆ ಅಂತ ಕೇಳಬಹುದು. ಸಂಬಂಧ ತಂದ ಹೆಂಗಸನ್ನು ಅವರು ಬಾಯಿಬಿಟ್ಟು ಕೇಳಿದ್ದರಂತೆ, "ಮನೆಗೂ ನದಿಗೂ ಎಷ್ಟು ದೂರ?" ಅಂತ. ಆಕೆ, "ಅಯ್ಯೋ ತಾಯಿ, ನೀರಿನ ಸದ್ದೂ ಕೇಳ್ಸಲ್ಲ" ಅಂದಳಂತೆ. ಅದು ಸುಳ್ಳಲ್ಲ. ನಮ್ಮಲ್ಲಿ ಹಯಾಸೆ ಅಗಲವಾಗಿ, ನಿಧಾನವಾಗಿ ಹರಿಯುತ್ತದೆ. ಅಂಗಳಕ್ಕೆ ಬಂದು ನಿಂತರೂ ಸದ್ದು ಮಾಡದ ನದಿ ಅದು. ಮದುವೆಯ ಮರುದಿನ ಮಹಡಿಯ ಕಿಟಕಿ ತೆರೆದವರು ಹಾಗೇ ಕುಕ್ಕರಿಸಿ ಕುಳಿತುಬಿಟ್ಟರಂತೆ. ಗಂಡ ಕಿಹೇಯ್ ಒಳ್ಳೆಯ ಮನುಷ್ಯ, ಕ್ಷೌರದಂಗಡಿ ಅವರದ್ದು. "ವಾಪಸ್ ಹೋಗ್ತೀಯಾ?" ಅಂತ ಕೇಳಿದರಂತೆ. "ಕಿಟಕಿ ಇರೋದು ಒಳ್ಳೇದೇ, ಬರೋದು ಮೊದಲೇ ಕಾಣುತ್ತೆ," ಅಂದರಂತೆ ಇವರು.

ಹೀಗೆ ನಲವತ್ತು ವರ್ಷ ಕಳೆದವು. ಗಂಡನಿಂದ ಕತ್ತಿ ಹಿಡಿಯುವುದನ್ನು ಕಲಿತು, ಆತ ತೀರಿಕೊಂಡ ಮೇಲೆ ಅಂಗಡಿಯನ್ನು ತಾವೇ ನಡೆಸಿದರು. ಹೊಳೆದಂಡೆಯ ಹಾವುಮೀನಿನ ಹೋಟೆಲಿನ ಒಡತಿ ಫುಮಿಯೆ ಅಕುತ್ಸು ಇಸೋಕಕ್ಕನ ಜೀವದ ಗೆಳತಿ. ವಾರಕ್ಕೊಮ್ಮೆ ಬಂದು ಕುರ್ಚಿಯಲ್ಲಿ ಒರಗಿ ಹಿಂಗತ್ತಿನ ನವಿರು ಕೂದಲು ಬೋಳಿಸಿಕೊಳ್ಳುತ್ತಿದ್ದರು. ಹಂಗಿಸದೆ ಒಂದು ಮಾತೂ ಆಡದ ಬಾಯಿ ಅದು.

"ಕೈ ನಡುಗ್ತಿದೆಯಲ್ಲೇ? ಇವತ್ತೂ ನದಿ ನೋಡಿದ್ಯಾ?"

"ಮಾತಾಡ್ಬೇಡ. ಕತ್ತು ಕುಯ್ದೋಗುತ್ತೆ."

"ಕುಯ್ಯಿ. ನೀರಲ್ಲಿ ಸಾಯೋದಕ್ಕಿಂತ ವಾಸಿ ಅಂತ ನೀನೇ ಹೇಳ್ತೀಯಲ್ಲ."

ನಮ್ಮ ದಂಡೆಗೆ ಏರಿ ಕಟ್ಟುತ್ತಾರೆ ಅನ್ನುವ ಮಾತು ವರ್ಷಗಳಿಂದ ಇತ್ತು. ಹಳೆಯ ಏರಿಯೊಂದು ಇದ್ದದ್ದು ನಮ್ಮ ಮನೆಗಳ ಹಿಂದೆ, ಊರಿನ ಕಡೆಗೆ. ಅಂದರೆ ನಮ್ಮ ಕೇರಿಯೇ ಏರಿಗೂ ನದಿಗೂ ನಡುವೆ. ನಮಗೂ ನೀರಿಗೂ ಮಧ್ಯೆ ಇದ್ದದ್ದು ಮೊಣಕಾಲೆತ್ತರದ ಮಣ್ಣುದಂಡೆ ಮತ್ತು ಬಿದಿರು ಮೆಳೆ. ಕೊನೆಗೊಂದು ಸಲ ನದಿ ಇಲಾಖೆಯವರು ಕೇರಿಯ ಸಭಾಮಂದಿರಕ್ಕೆ ಎಲ್ಲರನ್ನೂ ಕರೆದರು. ಬಂದ ಅಧಿಕಾರಿಯ ಹೆಸರು ನುಕಾಗಾ. ಮೆತ್ತಗೆ ಮಾತಾಡುವ ಗಂಡಸು. ದಂಡೆಯುದ್ದಕ್ಕೂ ಒಂದು ಮಹಡಿ ಎತ್ತರದ ಮಣ್ಣಿನ ಏರಿ ಬರುತ್ತದೆ, ನದಿಯ ಪಕ್ಕದ ಸಾಲು ಪೈನ್ ಮರಗಳು ಹೋಗುತ್ತವೆ, ಹಾವುಮೀನಿನ ಹೋಟೆಲಿನ ಜಾಗವೂ ಬೇಕಾಗುತ್ತದೆ ಅಂತ ನಕ್ಷೆ ತೋರಿಸಿ ಹೇಳಿದರು.

ಫುಮಿಯೆ ಎದ್ದುನಿಂತರು. "ಆಫೀಸರಪ್ಪಾ, ನಮ್ಮಲ್ಲಿಗೆ ಜನ ಬರೋದು ಮೀನಿಗಲ್ಲ, ಕಿಟಕಿಗೆ. ಮೀನು ಎಲ್ಲಾ ಕಡೆ ಸಿಗುತ್ತೆ. ಜಾಗ ಕಿತ್ಕೊಂಡು ಹಿಂದ್ಗಡೆ ಕೂರಿಸಿ, ಮಣ್ಣುಗುಡ್ಡೆ ನೋಡ್ಕೊಂಡು ಅನ್ನ ತಿನ್ನಿ ಅಂತ ಹೇಳ್ಲಾ ಅವರಿಗೆ?"

"ಕ್ಷಮಿಸ್ಬೇಕಮ್ಮಾ. ಏರಿ ಮೇಲೆ ಓಡಾಡೋಕೆ ಹಾದಿ ಮಾಡ್ತೀವಿ. ಅಲ್ಲಿಂದ ನದಿ ಚೆನ್ನಾಗಿ ಕಾಣುತ್ತೆ."

"ಓಹೋ, ತಟ್ಟೆ ಹಿಡ್ಕೊಂಡು ಹತ್ತಬೇಕಾ?"

ಮಂದಿರವೆಲ್ಲ ನಕ್ಕಿತು. ದಂಡೆಯ ಸಾಲಿನವರಲ್ಲಿ ಬಹಳ ಮಂದಿಗೆ ಏರಿ ಬೇಡವಾಗಿತ್ತು. ಬೇಸಿಗೆಯ ಗಾಳಿ ನಿಲ್ಲುತ್ತದೆ, ಮರ ಹೋಗುತ್ತವೆ, ಮನೆಯ ಬೆಲೆ ಬೀಳುತ್ತದೆ ಎನ್ನುತ್ತಿದ್ದರು. ಆಗ ನನ್ನ ಪಕ್ಕ ಕೂತಿದ್ದ ಇಸೋಕಕ್ಕ ಎದ್ದರು. ಸಭೆಯಲ್ಲಿ ಎಂದೂ ಬಾಯಿ ತೆರೆದವರಲ್ಲ. ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದರು.

"ನಾನು ಮಿನೊವಾ ಕ್ಷೌರದಂಗಡಿಯವಳು. ನಂಗೆ ಭಯ ಆಗುತ್ತೆ. ಏರಿ ಬೇಕು." ಅಷ್ಟು ಹೇಳಿ ಕೂತರು.

"ಇವಳ ಭಯಕ್ಕೆ ಏರಿ ಕಟ್ಬೇಕು ಅಂದ್ರೆ ಮೋಡದವರೆಗೂ ಕಟ್ಬೇಕಾಗುತ್ತೆ!" ಅಂದರು ಫುಮಿಯೆ.

ಈ ಸಲ ನಗೆ ಇನ್ನೂ ಜೋರಾಗಿತ್ತು. ಫುಮಿಯೆಯ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಇಷ್ಟು ವರ್ಷ ತಾನು ಕತ್ತು ಒಪ್ಪಿಸುತ್ತ ಬಂದ ಗೆಳತಿ ಎಲ್ಲರೆದುರು ತನ್ನ ವಿರುದ್ಧ ಎದ್ದುನಿಂತಳು ಅನ್ನುವ ಸಿಟ್ಟು ಅದು. ಮುಂದಿನ ವಾರ ಅವರು ಅಂಗಡಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಇಸೋಕಕ್ಕ ಮಾತ್ರ ಫುಮಿಯೆ ಬರುವ ದಿನದಂದು ಬಿಸಿ ಟವೆಲ್ ಸಿದ್ಧಮಾಡಿ ಇಡುವುದನ್ನು ತಿಂಗಳುಗಟ್ಟಲೆ ಬಿಡಲಿಲ್ಲ.

ಒಪ್ಪಿದವರ ಜಾಗದಲ್ಲಿ ಚಳಿಗಾಲಕ್ಕೆ ಕೆಲಸ ಶುರುವಾಯಿತು. ಮೊದಲು ಬಿದಿರು ಮೆಳೆ ಕಡಿದರು. ಹಳೆಯ ದಂಡೆ ಕೆತ್ತಿ ತೆಗೆದರು. ಇಸೋಕಕ್ಕನ ಕಿಟಕಿಯಿಂದ ನದಿ ಬೆತ್ತಲೆಯಾಗಿ ಕಂಡಿತು. ಮರೆ ಅಂತ ಇದ್ದ ಆ ಒಂದಿಷ್ಟು ಹಸಿರೂ ಹೋಯಿತು. ಆ ವಾರವೆಲ್ಲ ಅವರಿಗೆ ಅನ್ನ ಇಳಿಯಲಿಲ್ಲ. ಆಮೇಲೆ ಲಾರಿಗಳು ಬಂದವು, ಮಣ್ಣು ಸುರಿದವು. ಒಂದು ಪದರ ಹರಡುವುದು, ರೋಲರ್ ಓಡಿಸಿ ಒತ್ತುವುದು, ಅದರ ಮೇಲೆ ಇನ್ನೊಂದು ಪದರ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಇಸೋಕಕ್ಕ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಹೋಗಿ ನೋಡುತ್ತ ನಿಲ್ಲುತ್ತಿದ್ದರು.

"ಗಟ್ಟಿ ಕೂತಿದ್ಯಾ ಇದು?" ಅಂತ ರೋಲರಿನವನನ್ನು ಕೇಳುವರು.

"ಅಜ್ಜಿ, ನೀವು ಇದರ ಮೇಲೆ ಕುಣಿದ್ರೂ ಏನೂ ಆಗಲ್ಲ."

"ಕುಣಿಯೋದು ನಾನಲ್ವಲ್ಲಪ್ಪ."

ಏರಿ ನದಿಯ ಮೇಲ್ಗಡೆಯಿಂದಲೂ ಬಂತು, ಕೆಳಗಡೆಯಿಂದಲೂ ಬಂತು. ಎರಡೂ ಕಡೆ ಹುಲ್ಲು ಹೊದಿಸಿ ಚೆಂದ ಮಾಡಿದರು. ಫುಮಿಯೆಯ ಹೋಟೆಲು, ಅದರ ತೋಟ, ಪೈನ್ ಮರಗಳು ಇದ್ದ ಕಡೆ ಮಾತ್ರ ಎರಡು ತುದಿಗಳೂ ಬಂದು ನಿಂತುಬಿಟ್ಟವು. ಫುಮಿಯೆ ಜಾಗ ಬಿಡಲಿಲ್ಲ. ಇಲಾಖೆಯವರು ಬಂದು ಹೋಗಿ ಮಾಡುತ್ತಲೇ ಇದ್ದರು. ಮಳೆಗಾಲದಲ್ಲಿ ನದಿಯ ಕೆಲಸ ನಿಲ್ಲಿಸಬೇಕಾದ್ದರಿಂದ ಆ ತೆರಪಿಗೆ ದೊಡ್ಡ ಕಪ್ಪು ಮರಳುಮೂಟೆಗಳನ್ನು ಎರಡು ಸಾಲು ಪೇರಿಸಿ ಹೋದರು.

ಇಸೋಕಕ್ಕನ ಭಯ ಅಲ್ಲಿಂದ ಬೇರೆಯೇ ಆಯಿತು. ಮುಂಚೆ ನೀರು ಬಂದರೆ ಉದ್ದಕ್ಕೂ ತೆಳ್ಳಗೆ ಹರಡಿಕೊಂಡು ಬರುತ್ತಿತ್ತು. ಈಗ ಬರುವುದಕ್ಕೆ ಇರುವುದು ಒಂದೇ ಬಾಗಿಲು, ಬರುವುದೆಲ್ಲ ಅಲ್ಲಿಂದಲೇ. ಒಂದು ದಿನ ನುಕಾಗಾ ಅವರ ಎದುರಿಗೇ ಇದನ್ನು ಅಂದುಬಿಟ್ಟರು. ಆತ ಸುಳ್ಳು ಹೇಳಲಿಲ್ಲ.

"ಹೌದಮ್ಮಾ, ಹಾಗೇ ಆಗ್ಬಹುದು. ಅದಕ್ಕೇ ನಂಗೂ ನಿದ್ದೆ ಬರ್ತಿಲ್ಲ."

ಅವರಿಗೂ ನಿದ್ದೆಯಿಲ್ಲ ಅಂತ ತಿಳಿದು ಇಸೋಕಕ್ಕ ಇನ್ನಷ್ಟು ಹೆದರಿದರು. ಮನೆಗೆ ಬಂದವರೇ ಕೆಳಗಿನ ಕೋಣೆಯ ಗಂಡನ ಪಟವನ್ನೂ ದೇವರ ಗೂಡನ್ನೂ ಮಹಡಿಗೆ ಸಾಗಿಸಿದರು.

ಅಕ್ಟೋಬರಿನಲ್ಲಿ ಆ ಚಂಡಮಾರುತ ಬಂತು. ಹಿಂದಿನ ದಿನದಿಂದಲೇ ಟಿವಿಯಲ್ಲಿ ಒಂದೇ ಕೂಗು. ಬೆಳಗಾಗುವಷ್ಟರಲ್ಲಿ ಮಳೆ ಮೇಲಿನಿಂದ ಬೀಳುತ್ತಿದೆಯೋ ಪಕ್ಕದಿಂದ ಹೊಡೆಯುತ್ತಿದೆಯೋ ತಿಳಿಯದ ಹಾಗಿತ್ತು. ಸೈರನ್ ಕೂಗುವ ಮುಂಚೆಯೇ ಇಸೋಕಕ್ಕ ಚೀಲ ಬೆನ್ನಿಗೇರಿಸಿ ನಮ್ಮ ಬಾಗಿಲಲ್ಲಿ ನಿಂತಿದ್ದರು. "ಏಳ್ರೇ, ನಡೀರಿ!" ನನ್ನ ಗಂಡ, ಮಕ್ಕಳು, ಅತ್ತೆ, ನಾನು ಎಲ್ಲರೂ ಅವರ ಹಿಂದೆ ಗುಡ್ಡದ ಮೇಲಿನ ಶಾಲೆಗೆ ನಡೆದೆವು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಆಟದ ಹಾಲ್ ತುಂಬಿತ್ತು. ಇಸೋಕಕ್ಕ ಸಾಲುಸಾಲಾಗಿ ಮುಖ ನೋಡುತ್ತ ಎರಡು ಸುತ್ತು ಬಂದರು. ಫುಮಿಯೆ ಇರಲಿಲ್ಲ.

ಫೋನ್ ಹಚ್ಚಿದರು. ಎಷ್ಟೋ ತಿಂಗಳ ಮೇಲೆ ಮೊದಲ ಮಾತು.

"ಫುಮೀ, ಎಲ್ಲಿದ್ದೀಯೇ?"

ಆ ಕಡೆಯ ಮಾತು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ನನ್ನ ಮನೇಲಿ. ಇನ್ನೆಲ್ಲಿ? ಏರಿ ಬೇಕು ಅಂದೋರ ಜೊತೆ ಕೂತ್ಕೊಳ್ಳೋಕೆ ನಾ ಬರಲ್ಲ."

"ಬಾರೇ, ಬೈಯೋದಿದ್ರೆ ಇಲ್ಲಿ ಬಂದು ಬೈ."

"ಬೇಡ. ನೀನು ಅಲ್ಲೇ ಹುಷಾರಾಗಿರು. ಆಯ್ತಾ."

ಫೋನ್ ಇಟ್ಟ ಇಸೋಕಕ್ಕನ ಮುಖ ಬಿಳಿಚಿಕೊಂಡಿತ್ತು. "ಏನೋ ಆಗಿದೆ ಮಿತ್ಸು. ‘ಹುಷಾರಾಗಿರು' ಅಂದ್ಲು. ಅವಳು ಹುಟ್ಟಿದಾಗಿಂದ ನಂಗೆ ಹಾಗಂದೋಳಲ್ಲ."

ಅಗ್ನಿಶಾಮಕ ದಳಕ್ಕೆ ಹೇಳಿದೆವು. ಅವರೆಲ್ಲ ಆಚೆ ದಡದ ವೃದ್ಧಾಶ್ರಮಕ್ಕೆ ಹೋಗಿದ್ದರು. ಇಸೋಕಕ್ಕ ಒಂದಿಷ್ಟು ಹೊತ್ತು ಗೋಡೆ ಹಿಡಿದು ನಿಂತರು. ಆಮೇಲೆ ಬಾಗಿಲ ಕಡೆ ನಡೆದರು. ನಾನು ಗಂಡನಿಗೆ ಮಕ್ಕಳನ್ನು ಒಪ್ಪಿಸಿ ಹಿಂದೆ ಓಡಿದೆ. "ನಿಂಗೇನು ಹುಚ್ಚಾ?" ಅಂತ ಅತ್ತೆ ಕೂಗಿದ್ದು ಕೇಳಿಸಿತು.

ಇಳಿಜಾರಿನ ಅರ್ಧದಲ್ಲಿ ಅವರ ಕಾಲು ನಿಂತುಬಿಟ್ಟಿತು. ಕೆಳಗೆ ನಮ್ಮ ಕೇರಿ ಕಾಣುತ್ತಿತ್ತು. ರಸ್ತೆಯ ಮೋರಿಗಳ ಮುಚ್ಚಳ ಎದ್ದು ಕಂದುನೀರು ಉಕ್ಕುತ್ತಿತ್ತು. ಇಸೋಕಕ್ಕ ಬೇಲಿ ಹಿಡಿದು ವಾಂತಿ ಮಾಡಿದರು. "ಹಿಂದಕ್ಕೆ ಹೋಗೋಣ ಅಕ್ಕಾ," ಅಂದೆ. ಅವರು ಬಾಯಿ ಒರೆಸಿಕೊಂಡು, "ನನ್ನ ಸೊಂಟದ ಪಟ್ಟಿ ಹಿಡ್ಕೊ. ನಾನು ನಿಂತ್ರೆ ತಳ್ಳು," ಅಂದರು. ಹಾಗೇ ಹೋದೆವು. ಅವರು ನಿಲ್ಲುವರು, ನಾನು ತಳ್ಳುವೆ. ಹಲ್ಲು ಕಟಕಟಿಸುವ ಸದ್ದು ಮಳೆಯಲ್ಲೂ ಕೇಳುತ್ತಿತ್ತು.

ಹೋಟೆಲಿನ ತೋಟದಲ್ಲಿ ಕಪ್ಪು ಮೂಟೆಗಳ ಸಾಲು ಇನ್ನೂ ನಿಂತಿತ್ತು. ಅದರ ಆಚೆ ನದಿ ಮೂಟೆಯ ಅಂಚಿಗೆ ಸಮನಾಗಿ ಬಂದು, ಮೂಟೆಗಳ ಸಂದಿನಿಂದ ಬೆರಳು ತೂರಿಸಿದ ಹಾಗೆ ಒಳಗೆ ಬರುತ್ತಿತ್ತು. ಸದ್ದೇ ಇಲ್ಲ. ಎರಡೂ ಬದಿಯ ಏರಿ ಅಷ್ಟೆತ್ತರ ನಿಂತಿದ್ದರಿಂದ ಆ ತಗ್ಗಿನಲ್ಲಿ ನಿಂತ ನಮಗೆ ಇಡೀ ನದಿ ನಮ್ಮನ್ನೇ ನೋಡುತ್ತಿದೆ ಅನಿಸಿತು. ಇಸೋಕಕ್ಕ ಆ ಕಡೆ ತಿರುಗಲಿಲ್ಲ.

ಫುಮಿಯೆ ಅಡುಗೆಮನೆಯ ನೆಲದಲ್ಲಿದ್ದರು. ಮೀನಿನ ತೊಟ್ಟಿಯನ್ನು ಎತ್ತರಕ್ಕೆ ಸರಿಸಲು ಹೋಗಿ ಬೆಳಿಗ್ಗೆಯೇ ಜಾರಿಬಿದ್ದಿದ್ದರು. ಸೊಂಟ ಎತ್ತಲಾಗುತ್ತಿರಲಿಲ್ಲ. ಒಂದು ಕಾಲು ವಾಲಿಕೊಂಡಿತ್ತು. ನೀರು ಆಗಲೇ ಕುಂಡೆಯ ಕೆಳಗೆ ಹರಿಯುತ್ತಿತ್ತು. ಮಗುಚಿದ ತೊಟ್ಟಿಯ ಹಾವುಮೀನುಗಳು ಅವರ ಸುತ್ತ ಈಜುತ್ತಿದ್ದವು.

ಇಸೋಕಕ್ಕನನ್ನು ಕಂಡು ಅವರು ಮೊದಲು ಬೈದರು. "ಯಾಕೆ ಬಂದ್ಯೇ ಹೇಡಿ ಮುಂಡೇದೆ? ನಿನ್ನನ್ನ ಯಾರು ಕರೆದ್ರು?"

"ಬಿದ್ದಿದೀನಿ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ದೆ," ಅಂದು ಫುಮಿಯೆ ಅಳಲು ಶುರುಮಾಡಿದರು.

ಹೊರಗೆ ಒಯ್ಯುವ ಮಾತೇ ಇರಲಿಲ್ಲ. ಆ ಹೊತ್ತಿಗೆ ತೋಟದ ಕಡೆಯಿಂದ ಗೋಣಿ ಹರಿದಂಥ ಸದ್ದಾಯಿತು. ಮೂಟೆಯ ಸಾಲು ಹೊರಳಿತ್ತು. ನೀರು ಬಾಗಿಲಿನಿಂದ ಬರಲಿಲ್ಲ, ಬಾಗಿಲನ್ನೇ ಹೊತ್ತುಕೊಂಡು ಬಂತು. ಫುಮಿಯೆಯನ್ನು ಮೆಟ್ಟಿಲಿಗೆ ಬೆನ್ನುಮಾಡಿ ಕೂರಿಸಿ, ಇಸೋಕಕ್ಕ ಮೇಲಿನಿಂದ ಕಂಕುಳಿಗೆ ಕೈಹಾಕಿ ಎಳೆದರು, ನಾನು ಕೆಳಗಿನಿಂದ ತೊಡೆ ಎತ್ತಿದೆ. ಒಂದು ಮೆಟ್ಟಿಲು ಏರಿದರೆ ನೀರೂ ಒಂದು ಮೆಟ್ಟಿಲು ಏರಿತು. ಫುಮಿಯೆ ನೋವಿಗೆ ಕಿರುಚುತ್ತಿದ್ದರು. "ಕಿರುಚು, ಕಿರುಚು, ಬಿಡಲ್ಲ ನಾನು," ಅನ್ನುತ್ತ ಇಸೋಕಕ್ಕ ಕಣ್ಣುಮುಚ್ಚಿಕೊಂಡೇ ಎಳೆಯುತ್ತಿದ್ದರು. ಕಣ್ಣು ತೆರೆದಿದ್ದರೆ ನನ್ನ ಹಿಂದೆ ಏರಿಬರುತ್ತಿದ್ದ ನೀರು ಅವರಿಗೆ ಕಾಣುತ್ತಿತ್ತು.

ಮಹಡಿಯ ಊಟದ ಹಾಲಿನಲ್ಲಿ, ಆ ಪ್ರಸಿದ್ಧ ಕಿಟಕಿಯ ಬುಡದಲ್ಲಿ ಮೂವರೂ ಬಿದ್ದುಕೊಂಡೆವು. ಮನೆ ಅಲುಗುತ್ತಿತ್ತು. ಕೆಳಗೆ ಪಾತ್ರೆಗಳು ತೊಲೆಗೆ ಬಡಿಯುತ್ತಿದ್ದವು. ಹಿಂದುಗಡೆಯಿಂದ ಧಡ್ ಧಡ್ ಎಂದು ಬೇರೊಂದು ಸದ್ದು ಬಹಳ ಹೊತ್ತು ಬಂತು. ತೇಲಿಬಂದ ದಿಮ್ಮಿ ಇರಬೇಕೆಂದು ಇಸೋಕಕ್ಕ ಅಂದರು. ಆಮೇಲೆ ನಿಂತಿತು. ಕತ್ತಲೆ ಕವಿಯಿತು, ಫೋನೂ ಸತ್ತಿತು. ಬೆಳಗಿನವರೆಗೆ ಹೇಗಿದ್ದೆವೆಂದು ನನ್ನನ್ನು ಕೇಳಬೇಡಿ.

ಬೆಳಿಗ್ಗೆ ಆಕಾಶ ನೀಲಿಯಾಗಿತ್ತು. ಒಂದು ಮೋಡವಿಲ್ಲ. ನನಗೆ ಬದುಕಿದೆವು ಅನ್ನಿಸಿ ಕಣ್ಣಲ್ಲಿ ನೀರು ಬಂತು. ಇಸೋಕಕ್ಕ ಮಾತ್ರ ಬಿಸಿಲು ಚಾಪೆಯ ಮೇಲೆ ಬಿದ್ದದ್ದನ್ನು ನೋಡಿ ಮೂಲೆಗೆ ಸರಿದು ಮಂಡಿಯೊಳಗೆ ತಲೆಯಿಟ್ಟರು. "ಈಗ ಬರುತ್ತೆ. ಈಗ್ಲೇ ಬರೋದು." ಅವರ ಮಾತು ಹುಸಿಯಾಗಲಿಲ್ಲ. ಬೆಟ್ಟದ ನೀರು ಬಂತು, ಮೆಟ್ಟಿಲಲ್ಲಿ ಉಳಿದಿದ್ದ ಒಣಭಾಗವೂ ಮುಳುಗುತ್ತ ಬಂತು. ಮಲಗಿದ್ದಲ್ಲಿಂದಲೇ ಫುಮಿಯೆ ಕೈ ಚಾಚಿ ಗೆಳತಿಯ ಪಾದ ಹಿಡಿದುಕೊಂಡರು. ಮೇಲಿನ ಎರಡು ಮೆಟ್ಟಿಲು ಬಿಟ್ಟು ನೀರು ನಿಂತಿತು.

ಅಗ್ನಿಶಾಮಕ ದಳದ ರಬ್ಬರ್ ದೋಣಿ ಕಿಟಕಿಗೆ ಬಂದಾಗ ಫುಮಿಯೆಯನ್ನು ಹಲಗೆಗೆ ಕಟ್ಟಿ ಇಳಿಸಿದರು. ನಾನೂ ಇಳಿದೆ. ಇಸೋಕಕ್ಕ ಕಿಟಕಿಯ ಚೌಕಟ್ಟು ಬಿಡಲಿಲ್ಲ.

"ಆಗಲ್ಲ. ನೀವು ಹೋಗಿ. ನಂಗೆ ನೀರಿನ ಮೇಲೆ ಕೂರೋಕೆ ಆಗಲ್ಲ."

"ಹತ್ತೇ!" ಹಲಗೆಯ ಮೇಲಿಂದಲೇ ಫುಮಿಯೆ ಕೂಗಿದರು. "ನನ್ನ ಹೋಟ್ಲಲ್ಲಿ ಇರ್ತೀಯಾದ್ರೆ ಪಾತ್ರೆ ತೊಳಿ. ಇಲ್ಲಾಂದ್ರೆ ಹತ್ತು!"

ದೋಣಿಯವರು ನಕ್ಕರು. ಇಸೋಕಕ್ಕ ನಗಲಿಲ್ಲ, ಆದರೆ ಹತ್ತಿದರು. ಗುಡ್ಡ ಮುಟ್ಟುವವರೆಗೂ ಸೆರಗಿನಂತೆ ಇಳಿಬಿದ್ದಿದ್ದ ಫುಮಿಯೆಯ ಕಂಬಳಿಯಲ್ಲಿ ಮುಖ ಹುದುಗಿಸಿಕೊಂಡಿದ್ದರು.

ನೀರು ಇಳಿದ ಮೇಲೆ ತಿಳಿಯಿತು. ಹೋಟೆಲಿನ ಹಿಂದಿನ ಮನೆಯ ಕೆಳಕೋಣೆಯಲ್ಲಿ ಒಬ್ಬರೇ ಇದ್ದ ಕುಜುಮಾಕಿ ಎಂಬ ಮುದುಕರು ನೀರಿನಲ್ಲಿ ತೀರಿಹೋಗಿದ್ದರು. ಹಿಂದೆ ಬಸ್ ಡ್ರೈವರ್ ಆಗಿದ್ದವರು, ಇಸೋಕಕ್ಕನ ಅಂಗಡಿಯ ಹಳೆಯ ಗಿರಾಕಿ. ಕೇರಿಯವರು ಕರೆದಾಗ "ಬರ್ತೀನಿ, ನಡೀರಿ" ಅಂದಿದ್ದರಂತೆ. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹೊರಗೆ ನೀರು ನಿಂತ ಮೇಲೆ ತೆರೆಯಲಿಲ್ಲ.

ಫುಮಿಯೆ ಆಸ್ಪತ್ರೆಯಲ್ಲೇ ನುಕಾಗಾ ಅವರನ್ನು ಕರೆಸಿ ಜಾಗ ಬಿಟ್ಟುಕೊಟ್ಟರು. "ಮಾತಾಡ್ಬೇಡಿ, ಎಲ್ಲಿ ಸಹಿ ಹೇಳಿ," ಅಂದರಂತೆ. ಚಳಿಗಾಲದಲ್ಲಿ ಹೋಟೆಲು ಕೆಡವಿದರು, ಪೈನ್ ಮರ ಕಡಿದರು, ಎರಡು ತುದಿಗಳು ಕೂಡಿದವು. ಕೋಲೂರಿ ನಡೆಯುವಂತಾದ ಮೇಲೆ ಫುಮಿಯೆ ಕ್ಷೌರದಂಗಡಿಯ ಮಹಡಿಗೆ ಬಂದು ಉಳಿದರು. ಮಗಳ ಮನೆಗೆ ಹೋಗಲೊಲ್ಲೆ ಅಂದರು.

ಇನ್ನು ಇಸೋಕಕ್ಕ ನೆಮ್ಮದಿಯಾಗಿರುತ್ತಾರೆ ಅಂತ ನಾವೆಲ್ಲ ಅಂದುಕೊಂಡೆವು. ಹಾಗಾಗಲಿಲ್ಲ. ಬೇಡಿ ಪಡೆದ ಏರಿ ಕಿಟಕಿಗೆ ಅಡ್ಡವಾಗಿ ನಿಂತಿತು, ನದಿ ಕಾಣದಾಯಿತು. ಕಂಡಾಗ ಇದ್ದದ್ದು ಒಂದು ಭಯ, ಕಾಣದ ಮೇಲೆ ಹತ್ತು. ಮಳೆ ಬಂದರೆ ಕೊಡೆ ಹಿಡಿದು ಏರಿ ಹತ್ತುವರು, ನೋಡಿ ಇಳಿಯುವರು, ಮತ್ತೆ ಹತ್ತುವರು. ಹಿಂದೆ ಕೋಲೂರಿಕೊಂಡು ಫುಮಿಯೆ.

"ನಿಂತಲ್ಲೇ ಇದೆ ಕಣೇ ನದಿ. ಎಲ್ಲಿಗೂ ಹೋಗಿಲ್ಲ."

"ಬಣ್ಣ ಬದಲಾಗಿದೆ."

"ನಿನ್ನ ಕನ್ನಡಕ ತೊಳಿ."

ಆದರೆ ಒಮ್ಮೊಮ್ಮೆ ಗಾಳಿಗೆ ಕಿಟಕಿ ಬಡಿದರೆ ಫುಮಿಯೆಯ ಮಾತು ನಿಂತುಹೋಗುತ್ತಿತ್ತು. "ಇಸೋ, ಅವತ್ತು ಹಿಂದ್ಗಡೆಯಿಂದ ಬಂತಲ್ಲ ಆ ಸದ್ದು..." ಅನ್ನುವರು. "ದಿಮ್ಮಿ ಅದು. ನಾನೇ ನೋಡ್ದೆ," ಅನ್ನುವರು ಇಸೋಕಕ್ಕ. ಅವರು ನೋಡಿರಲಿಲ್ಲ, ಹಿಂದುಗಡೆಯ ಕಿಟಕಿಯ ಹತ್ತಿರಕ್ಕೂ ಹೋಗಿರಲಿಲ್ಲ. ಫುಮಿಯೆಗೂ ಅದು ಗೊತ್ತಿತ್ತು. ಆದರೂ ಪ್ರತಿ ಸಲ ಕೇಳುವರು, ಪ್ರತಿ ಸಲ ಇವರು ಅದನ್ನೇ ಹೇಳುವರು.

ಹೋದ ವರ್ಷ ವಸಂತದಲ್ಲಿ ನ್ಯುಮೋನಿಯಾ ಆಗಿ ಇಸೋಕಕ್ಕ ತೀರಿಕೊಂಡರು. ಮಿನೊವಾ ಮನೆತನದ ಸಮಾಧಿ ಇರುವುದು ನದಿಯಂಚಿನ ದೇವಾಲಯದ ತಗ್ಗಿನಲ್ಲಿ, ಗಂಡನೂ ಅಲ್ಲೇ. ಬೂದಿ ಅಲ್ಲಿಡುವುದೆಂದು ಬೇರೆ ಊರಿನಿಂದ ಬಂದಿದ್ದ ಇಸೋಕಕ್ಕನ ಮಗ ಮತ್ತು ಬಂಧುಗಳು ಮಾತಾಡಿಕೊಳ್ಳುತ್ತಿದ್ದರು. ರೈಲ್ವೆಯಲ್ಲಿ ಕೆಲಸದಲ್ಲಿರುವ ಆ ಮಗ ಸಾಧು ಮನುಷ್ಯ. ಫುಮಿಯೆ ಕೋಲನ್ನು ನೆಲಕ್ಕೆ ಬಡಿದರು.

"ಸತ್ತ ಮೇಲೂ ಅವಳನ್ನ ನೀರಿನ ಪಕ್ಕ ಮಲಗಿಸ್ತೀರೇನೋ?"

"ಅಪ್ಪನ ಜೊತೆ ಇರ್ಬೇಕಲ್ವಾ ಚಿಕ್ಕಮ್ಮಾ?"

"ನಿಮ್ಮಪ್ಪ ಬೇಕಾದ್ರೆ ಮೇಲೆ ಹತ್ತಿ ಬರ್ಲಿ!"

ಬಂಧುಗಳು ಮುಖ ಕೆಂಪು ಮಾಡಿಕೊಂಡರು. ಮಗ ಕೊನೆಗೆ ಇಬ್ಬರ ಬೂದಿಯನ್ನೂ ಗುಡ್ಡದ ಮೇಲಿನ ದೇವಾಲಯಕ್ಕೆ ಒಯ್ದ.

ಫುಮಿಯೆ ಈಗಲೂ ಆ ಮಹಡಿಯಲ್ಲೇ ಇದ್ದಾರೆ. ಅಂಗಡಿ ಮುಚ್ಚಿದೆ. ಈ ಸಲ ಮಳೆ ಜೋರಾದ ದಿನ ಸೈರನ್ ಇಲ್ಲ, ಎಚ್ಚರಿಕೆ ಇಲ್ಲ, ಅವರದ್ದೇ ಫೋನ್ ಬಂತು. "ಮಿತ್ಸು, ಎದ್ದೇಳೇ. ಚೀಲ ತಗೊ. ನನ್ನ ಕೈಹಿಡ್ಕೊಂಡು ಹತ್ತಿಸು." ನಾವಿಬ್ಬರೇ ಶಾಲೆಯ ಹಾಲ್ ತೆರೆಸಿ ಮಧ್ಯಾಹ್ನವೆಲ್ಲ ಖಾಲಿ ನೆಲದಲ್ಲಿ ಕೂತಿದ್ದೆವು. ಅವರು ಒಂದು ಹಂಗಿಸುವ ಮಾತೂ ಆಡಲಿಲ್ಲ. ಮಳೆ ನಿಂತಿತು, ಬಿಸಿಲು ಬಂತು. ಶಾಲೆಯ ಕಾವಲಿನವನು ಬಾಗಿಲಲ್ಲಿ ನಿಂತು, "ಇನ್ನೇನು ಹೊರಡಬಹುದಲ್ಲ ಅಮ್ಮಾ?" ಅಂದ. ಇಬ್ಬರೂ ಏಳಲಿಲ್ಲ.